ಹೆಣಿಗೆ: ಕೈಗೆ ಕೆಲಸ, ಮನಸ್ಸಿಗೆ ವಿಶ್ರಾಂತಿ



ಈ ಪತ್ರಿಕೆಯಲ್ಲಿ ಬೀಜೋಪಚಾರ, ಗೊಬ್ಬರದ ಪ್ರಮಾಣ, ಕಬ್ಬಿನ ಸಾಲಿನ ಅಂತರ ಇಂಥ ವಿಷಯಗಳನ್ನು ಓದಿ ರೂಢಿಯಾದ ನಿಮಗೆ ‘ಹೆಣಿಗೆ’ ಎಂಬ ತಲೆಬರಹ ಕಂಡು ನಗೆ ಬಂದೀತು. ಉಲ್ಲನ್ ದಾರ, ಎರಡು ಸೂಜಿ, ಅವನ್ನು ಹಿಡಿದು ಕಟ್ಟೆಯ ಮೇಲೆ ಕೂತ ಹೆಣ್ಣುಮಕ್ಕಳು. ಇದಕ್ಕೂ ಒಕ್ಕಲುತನಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧವಿದೆ. ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸುತ್ತೇವೆ. ಎತ್ತು ಕುಂಟಿದರೆ ಅಂದೇ ದನದ ಡಾಕ್ಟರರನ್ನು ಕರೆಸುತ್ತೇವೆ. ಹೊಲವನ್ನೂ ಎತ್ತನ್ನೂ ನೋಡಿಕೊಳ್ಳುವ ಮನುಷ್ಯನ ಮನಸ್ಸು ದಣಿದರೆ ಮಾತ್ರ ‘ಅವನಿಗೇನು ಧಾಡಿ’ ಎಂದು ಬಿಟ್ಟುಬಿಡುತ್ತೇವೆ.

ನಿಡಸೋಸಿ, ಸಂಕೇಶ್ವರದ ಸುತ್ತಲಿನ ನಮ್ಮ ಸೀಮೆ ಕಬ್ಬಿನ ಸೀಮೆ. ಅಡಸಾಲಿ ಕಬ್ಬು ಹಚ್ಚಿದರೆ ಕಡಿಯುವದಕ್ಕೆ 16ರಿಂದ 18 ತಿಂಗಳು ಬೇಕು. ಅಷ್ಟು ದಿನ ಹಣ ಹೊಲದಲ್ಲಿ ಹೂತಿರುತ್ತದೆ, ಸಾಲಕ್ಕೆ ಬಡ್ಡಿ ನಡೆದಿರುತ್ತದೆ. ಮಳೆ ಹೋದರೆ ಒಂದು ಚಿಂತೆ. 2019ರ ಆಗಸ್ಟಿನಂತೆ ಹಿರಣ್ಯಕೇಶಿ ಉಕ್ಕಿ ದಂಡೆಯ ಹೊಲಗಳಿಗೆ ನುಗ್ಗಿದರೆ ಇನ್ನೊಂದು ಚಿಂತೆ. ಕಡಿಯುವ ಗ್ಯಾಂಗು ಯಾವಾಗ ಬಂದೀತು, ಬಿಲ್ಲು ಯಾವಾಗ ಕೈಗೆ ಸಿಕ್ಕೀತು, ಮಗಳ ಲಗ್ನಕ್ಕೆ ಅಷ್ಟರೊಳಗೆ ಹಣ ಒದಗೀತೇ? ರಾತ್ರಿಯ ಪಾಳಿಯಲ್ಲಿ ಕರೆಂಟು ಬಂದರೆ ನಿದ್ದೆಗೆಟ್ಟು ನೀರು ಹಾಯಿಸಬೇಕು. ಈ ಚಿಂತೆಗಳ ಗುಣವೇನೆಂದರೆ, ಕುಳಿತು ಚಿಂತಿಸಿದ್ದರಿಂದ ಇವುಗಳಲ್ಲಿ ಒಂದೂ ಬಗೆಹರಿಯುವದಿಲ್ಲ. ಕಾಯುವದೊಂದೇ ದಾರಿ. ಕಾಯುವವನ ಕೈ ಖಾಲಿ ಇದ್ದರೆ ಮನಸ್ಸು ಗಾಣದೆತ್ತಿನಂತೆ ಅದೇ ಸುತ್ತು ಸುತ್ತುತ್ತದೆ. ಆಗ ಕೈ ಎಲ್ಲಿಗೆ ಹೋಗುತ್ತದೆಂಬದನ್ನು ನೀವೇ ಬಲ್ಲಿರಿ: ತಂಬಾಕಿನ ಚೀಲಕ್ಕೆ, ಮೊಬೈಲಿಗೆ, ಕೆಲವರದು ಬಾಟಲಿಗೆ.

ಹಾಗಾದರೆ ನಮ್ಮ ಹಿರಿಯರಿಗೆ ಚಿಂತೆ ಇರಲಿಲ್ಲವೇ? ನಮಗಿಂತ ಹೆಚ್ಚೇ ಇತ್ತು. ಆದರೆ ಅವರ ಕೈಗಳಿಗೆ ಲಯಬದ್ಧವಾದ ಒಂದು ಕೆಲಸ ಯಾವಾಗಲೂ ಇರುತ್ತಿತ್ತು. ಬೀಸುವ ಕಲ್ಲನ್ನೇ ತೆಗೆದುಕೊಳ್ಳಿರಿ. ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸುತ್ತಿದ್ದ ತಾಯಂದಿರು ಹಾಡುತ್ತ ಬೀಸುತ್ತಿದ್ದರು. ತವರಿನ ನೆನಪು, ಅತ್ತೆಯ ಕಾಟ, ತೀರಿಹೋದ ಕೂಸು, ಬಾರದ ಅಣ್ಣ, ಹೀಗೆ ಹಗಲಿನಲ್ಲಿ ಯಾರ ಮುಂದೆಯೂ ಆಡಲಾಗದ ಮಾತನ್ನು ಕಲ್ಲಿನ ಮುಂದೆ ಆಡುತ್ತಿದ್ದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಜನರ ಬಾಯಿಂದ ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ಹೊರಡಿಸಿದರು. ಅಷ್ಟು ದೊಡ್ಡ ಕಾವ್ಯರಾಶಿಯು ಕೈ ತಿರುಗುತ್ತಿದ್ದಾಗ ಬಾಯಿಂದ ಬಂದದ್ದು ಎಂಬದನ್ನು ಗಮನಿಸಬೇಕು.

ಮುಂದೆ ಹಿಟ್ಟಿನ ಗಿರಣಿ ಬಂತು. ಒಳ್ಳೆಯದೇ ಆಯಿತು. ಬೀಸುವ ಕಲ್ಲನ್ನು ಮರಳಿ ತನ್ನಿರೆಂದು ಹೇಳುವವನು ತಾನೇ ಒಂದು ಮುಂಜಾನೆ ನಾಲ್ಕು ಸೇರು ಜೋಳ ಬೀಸಿ ನೋಡಬೇಕು. ಆದರೆ ಗಿರಣಿಯು ದುಡಿತದ ಜೊತೆಗೆ ಇನ್ನೊಂದನ್ನೂ ಒಯ್ದಿತು. ಯಾರೂ ಕರೆಯದ, ಯಾರೂ ಕೇಳದ, ಕೈ ತನ್ನಷ್ಟಕ್ಕೆ ತಿರುಗುತ್ತಿರುವಾಗ ಮನಸ್ಸು ಹಗುರಾಗುತ್ತಿದ್ದ ಆ ಒಂದು ತಾಸನ್ನು ಒಯ್ದಿತು. ದುಡಿತ ಉಳಿದದ್ದು ಎಲ್ಲರ ಲೆಕ್ಕಕ್ಕೂ ಸಿಕ್ಕಿತು. ಆ ತಾಸು ಹೋದದ್ದು ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಬೇಸಿಗೆಯ ಮಧ್ಯಾಹ್ನದ ಕೌದಿಯೂ ಇಂಥದೇ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಹಚ್ಚಿ, ಸಾಲು ಸಾಲಾಗಿ ದಾರ ಓಡಿಸುತ್ತ ಹೋಗುವದು. ಒಂದು ಕೌದಿಗೆ ಸಾವಿರಾರು ಹೊಲಿಗೆ, ಪ್ರತಿಯೊಂದೂ ಹಿಂದಿನದರಂತೆಯೇ. ಓಣಿಯ ನಾಲ್ವರು ಒಂದೇ ಕೌದಿಯ ನಾಲ್ಕು ಅಂಚಿಗೆ ಕೂತು ಹೊಲಿಯುವದನ್ನು ನೀವು ನೋಡಿದ್ದೀರಿ. ಎಲ್ಲರ ಕಣ್ಣೂ ಬಟ್ಟೆಯ ಮೇಲೆ ಇರುವದರಿಂದ, ಮುಖ ನೋಡಿ ಹೇಳಲಾಗದ ಮಾತನ್ನೂ ಅಲ್ಲಿ ಹೇಳಿಬಿಡಬಹುದು. ಊರಿಂದೂರಿಗೆ ಹೋಗಿ ಕೌದಿ ಹೊಲಿದುಕೊಡುವ ಗೊಂದಳಿ ಸಮಾಜದ ತಾಯಂದಿರಿಗೆ ಇದು ಹೊಟ್ಟೆಪಾಡಿನ ಕೆಲಸ, ಅವರ ಮಾತು ಬೇರೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ತಾಯಂದಿರ ಕವಂದಿಗಳನ್ನಂತೂ ಅಮೇರಿಕದ ವಸ್ತುಸಂಗ್ರಹಾಲಯದವರು ಒಯ್ದು ಪ್ರದರ್ಶನಕ್ಕೆ ಇಟ್ಟಿದ್ದರು. ನಮ್ಮಲ್ಲಿ ಮಾತ್ರ ಹಾಸಿಗೆಗೆ ಕಾರ್ಖಾನೆಯ ಬ್ಲ್ಯಾಂಕೆಟ್ಟು ಬಂದ ಮೇಲೆ ಹಳೆಯ ಸೀರೆಗಳು ಟ್ರಾಕ್ಟರ್ ಒರೆಸುವದಕ್ಕೆ ಹೋಗುತ್ತಿವೆ.

ಗಂಡಸರಿಗೂ ಇಂಥ ಕೆಲಸಗಳಿದ್ದವು. ಪುಂಡಿಯ ನಾರು ನೆನೆಹಾಕಿ, ಸುಲಿದು, ಪಡಸಾಲೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ ಅಜ್ಜಂದಿರನ್ನು ನೆನಪಿಸಿಕೊಳ್ಳಿರಿ. ಗೊಬ್ಬರಕ್ಕಾಗಿ ನಮ್ಮ ಹೊಲಗಳಲ್ಲಿ ಕುರಿ ತರುಬಿಸುವ ಹಾಲುಮತದ ಕುರಿಗಾರರಲ್ಲಿ ವಯಸ್ಸಾದವರು ಕುರಿಯ ಹಿಂದೆ ನಡೆಯುತ್ತಲೇ ತಕಲಿ ತಿರುವಿ ಉಣ್ಣೆ ನೂಲುತ್ತಿದ್ದರು. ವರ್ಷಕ್ಕೆ ಎರಡು ಸಲ ಕತ್ತರಿಸಿದ ದಖನಿ ಕುರಿಯ ಉಣ್ಣೆ ಹೀಗೆ ನೂಲಾಗಿ, ಮಗ್ಗಕ್ಕೆ ಹೋಗಿ, ಕಂಬಳಿಯಾಗುತ್ತಿತ್ತು. ಇಡೀ ದಿನ ಬಯಲಿನಲ್ಲಿ ಒಬ್ಬನೇ ಇರುವ ಮನುಷ್ಯನಿಗೆ ತಕಲಿಯು ಒಬ್ಬ ಜೊತೆಗಾರನಿದ್ದಂತೆ.

ನೂಲಿನ ಮಾತು ಬಂದಾಗ ನಮ್ಮ ಜಿಲ್ಲೆಯ ಹೆಸರು ಬರಲೇಬೇಕು. ಗೋಕಾಕದ ಧಬಧಬೆಯ ಬಳಿ ನೂಲಿನ ಗಿರಣಿ 19ನೆಯ ಶತಮಾನದಲ್ಲಿಯೇ ಆರಂಭವಾಯಿತು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನವು, ಸದಸ್ಯರು ತಿಂಗಳಿಗೆ 2000 ಗಜ ಕೈನೂಲು ಕೊಡಬೇಕೆಂಬ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು. ಹುದಲಿಯ ಗಂಗಾಧರರಾವ ದೇಶಪಾಂಡೆಯವರು ಚರಕವನ್ನು ಮನೆಮನೆಗೆ ಮುಟ್ಟಿಸಿ ‘ಖಾದಿ ಭಗೀರಥ’ರೆನಿಸಿದರು. 1937ರಲ್ಲಿ ಗಾಂಧಿಯವರು ಹುದಲಿಗೇ ಬಂದು ಕೆಲವು ದಿನ ಉಳಿದಿದ್ದರು. ಬಡವರ ಕೂಲಿಗಾಗಿ, ಸ್ವದೇಶಿಗಾಗಿ ನೂಲಿರೆಂದು ಅವರು ಹೇಳಿದ್ದು ಎಲ್ಲರಿಗೂ ಗೊತ್ತು. ಚರಕದ ಮುಂದೆ ಕೂತರೆ ಮನಸ್ಸಿನ ಉದ್ವೇಗ ಇಳಿಯುತ್ತದೆಂದೂ ಅವರು ಬರೆದಿದ್ದುಂಟು. ಮೊದಲನೆಯ ಮಾತು ಪಠ್ಯಪುಸ್ತಕ ಸೇರಿತು, ಎರಡನೆಯದನ್ನು ನಾವು ಅಷ್ಟಾಗಿ ನೆನೆಯಲಿಲ್ಲ.

1952ರಲ್ಲಿ ಸಮುದಾಯ ವಿಕಾಸ ಯೋಜನೆ ಆರಂಭವಾದ ತರುವಾಯ ಹಳ್ಳಿಗಳ ಮಹಿಳಾ ಮಂಡಳಗಳಲ್ಲಿ ಗ್ರಾಮಸೇವಿಕೆಯರು ಹೊಲಿಗೆಯ ಜೊತೆಗೆ ಹೆಣಿಗೆಯನ್ನೂ ಕಲಿಸುತ್ತಿದ್ದರು. ಅಂದು ಕಲಿತ ಕೆಲವರು ಇಂದು ಅಜ್ಜಿಯರಾಗಿ ನಮ್ಮ ಊರುಗಳಲ್ಲಿದ್ದಾರೆ. ಮೊಮ್ಮಕ್ಕಳಿಗೆ ಕುಲಾವಿ ಹಾಕಿಕೊಟ್ಟವರು ಅವರೇ.

ಇನ್ನು ಹೆಣಿಗೆಯೇ ಏಕೆಂದರೆ, ಇವೆಲ್ಲವುಗಳಲ್ಲಿ ಇದು ಎಲ್ಲಿಯಾದರೂ ಒಯ್ಯಬಹುದಾದ ಕೆಲಸ. ಕೌದಿಗೆ ಪಡಸಾಲೆಯಷ್ಟು ಜಾಗ ಬೇಕು. ಹಗ್ಗಕ್ಕೆ ನಾರು ಬೇಕು, ಈಗ ಪುಂಡಿ ಬೆಳೆಯುವವರೇ ಕಡಿಮೆ. ಎರಡು ಸೂಜಿ, ಒಂದು ಉಂಡೆ ದಾರ ಮಾತ್ರ ಒಂದು ಕೈಚೀಲದಲ್ಲಿ ಹಿಡಿಯುತ್ತವೆ. ಬಸ್ಸಿನ ಹಾದಿ ಕಾಯುವಾಗ, ದವಾಖಾನೆಯ ಪಾಳಿಯಲ್ಲಿ, ಮಡಿ ತುಂಬುವ ತನಕ ಬದುವಿನ ಮೇಲೆ ಕೂತಾಗ ತೆಗೆಯಬಹುದು. ಯಾರಾದರೂ ಕೂಗಿದರೆ ಸಾಲಿನ ನಡುವೆಯೇ ಇಟ್ಟು ಏಳಬಹುದು.

ಮನಸ್ಸಿಗೆ ಇದರಿಂದ ಶಾಂತಿ ಹೇಗೆ ಬರುತ್ತದೆ? ಚಿಂತೆಯು ಬೆಳೆಯಬೇಕಾದರೆ ಅದಕ್ಕೆ ಮನಸ್ಸಿನ ಪೂರ್ತಿ ಗಮನ ಬೇಕು. ಹೆಣಿಗೆಯು ಆ ಗಮನದಲ್ಲಿ ಒಂದು ಪಾಲು ಕೇಳುತ್ತದೆ. ಪೂರ್ತಿ ಕೇಳುವದಿಲ್ಲ, ಪೂರ್ತಿ ಬಿಡುವದೂ ಇಲ್ಲ. ಕುಣಿಕೆ ಎಣಿಸುತ್ತಿರುವ ಮನಸ್ಸಿಗೆ ಸಾಲದ ಬಡ್ಡಿಯನ್ನೂ ಎಣಿಸುವದು ಕಷ್ಟ. ಇನ್ನೊಂದು ಕಾರಣ ಲಯ. ಒಂದೇ ಮಾತನ್ನಾಗಲಿ ಒಂದೇ ಚಲನೆಯನ್ನಾಗಲಿ ಮತ್ತೆ ಮತ್ತೆ ಮಾಡುತ್ತ, ನಡುವೆ ಬಂದ ವಿಚಾರಗಳನ್ನು ಹಟವಿಲ್ಲದೆ ಬಿಟ್ಟುಕೊಡುತ್ತ ಹೋದರೆ ಉಸಿರು ನಿಧಾನವಾಗುತ್ತದೆ, ಎದೆಬಡಿತ ಇಳಿಯುತ್ತದೆ. ಹರ್ಬರ್ಟ್ ಬೆನ್ಸನ್ ಎಂಬ ಅಮೇರಿಕದ ವೈದ್ಯರು 1975ರಲ್ಲಿ ಇದನ್ನು ಪುಸ್ತಕರೂಪದಲ್ಲಿ ವಿವರಿಸಿದರು. ಜಪಮಣಿ ಎಣಿಸುವ ನಮ್ಮ ಹಿರಿಯರಿಗೆ ಇದು ಹೊಸ ಸುದ್ದಿಯಲ್ಲ. ಮೂರನೆಯದೊಂದಿದೆ, ನನ್ನ ಮಟ್ಟಿಗೆ ರೈತನಿಗೆ ಅದೇ ದೊಡ್ಡದು. ಒಕ್ಕಲುತನದಲ್ಲಿ ಇಂದು ಮಾಡಿದ ಕೆಲಸದ ಫಲ ತಿಂಗಳುಗಟ್ಟಲೆ ಕಾಣುವದಿಲ್ಲ. ಕಂಡರೂ ಅದು ನಮ್ಮ ಕೈಯಲ್ಲಿ ಮಾತ್ರ ಇಲ್ಲ, ಮಳೆಯ ಕೈಯಲ್ಲಿಯೂ ಪೇಟೆಯ ಕೈಯಲ್ಲಿಯೂ ಇದೆ. ಹೆಣಿಗೆಯಲ್ಲಿ ಅರ್ಧ ತಾಸು ಕೂತರೆ ಎರಡು ಬೆರಳಿನಷ್ಟು ಕಾಣುತ್ತದೆ. ಅದನ್ನು ಮಳೆ ಒಯ್ಯುವದಿಲ್ಲ, ದಲಾಲಿ ಕಡಿಯುವದಿಲ್ಲ.

ಇಂಗ್ಲೆಂಡಿನ ಸಂಶೋಧಕರು ಹಲವು ದೇಶಗಳ 3545 ಜನ ಹೆಣೆಯುವವರನ್ನು ಪ್ರಶ್ನೆ ಕೇಳಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತಿ, ಹೆಚ್ಚು ಉಲ್ಲಾಸ ಅನುಭವಿಸುತ್ತೇವೆಂದು ಹೇಳಿದ್ದು ಕಂಡುಬಂತು. ಇದನ್ನು ಅಳತೆ ಮೀರಿ ನಂಬಬಾರದು. ಒಂದು ಹೊಲಕ್ಕೆ ಗೊಬ್ಬರ ಹಾಕಿ, ಪಕ್ಕದ್ದಕ್ಕೆ ಹಾಕದೆ, ಎರಡರ ರಾಶಿ ತೂಗಿ ನೋಡಿದಂಥ ಲೆಕ್ಕ ಇದಲ್ಲ. ಹೆಣೆಯುವವರು ತಾವೇ ತಮ್ಮ ಬಗ್ಗೆ ಹೇಳಿಕೊಂಡದ್ದು. ಆದರೂ ಅಷ್ಟು ಜನರ ಮಾತನ್ನು ತಳ್ಳಿಹಾಕುವಂತಿಲ್ಲ. 1914–18ರ ಮಹಾಯುದ್ಧದಲ್ಲಿ ಗಾಯಗೊಂಡ, ಮನಸ್ಸು ಕದಡಿದ ಸಿಪಾಯಿಗಳಿಗೂ ಆಸ್ಪತ್ರೆಗಳಲ್ಲಿ ಬುಟ್ಟಿ ಹೆಣೆಯುವದು, ನೇಯುವದು, ಸೂಜಿಯ ಹೆಣಿಗೆ ಮುಂತಾದವನ್ನು ಕಲಿಸುತ್ತಿದ್ದರು. ಬಂದೂಕು ಹಿಡಿದು ನಡುಗುತ್ತಿದ್ದ ಕೈಗೆ ಬೇರೊಂದು ಕೆಲಸ ಕೊಡುವದೇ ಅದರ ಉದ್ದೇಶ.

ಸಿಪಾಯಿಗಳ ಮಾತು ಬಂದದ್ದು ಒಳ್ಳೆಯದಾಯಿತು. ‘ಗಂಡಸರು ಸೂಜಿ ಹಿಡಿಯುವದೇ?’ ಎಂಬ ಪ್ರಶ್ನೆ ಈಗ ನಿಮ್ಮ ಬಾಯಲ್ಲಿರಬೇಕು. ಫ್ರಾನ್ಸ್ ದೇಶದ ಲಾಂದ್ ಎಂಬ ಜೌಗು ಸೀಮೆಯಲ್ಲಿ 19ನೆಯ ಶತಮಾನದ ಕುರಿಗಾರರು ಮರಗಾಲು ಕಟ್ಟಿಕೊಂಡು, ಎತ್ತರದಿಂದ ಕುರಿ ಕಾಯುತ್ತ, ನಿಂತಲ್ಲಿಯೇ ಕಾಲುಚೀಲ ಹೆಣೆಯುತ್ತಿದ್ದರು. ದಕ್ಷಿಣ ಅಮೇರಿಕದ ಪೆರು ದೇಶದಲ್ಲಿ ಟಿಟಿಕಾಕಾ ಎಂಬ ದೊಡ್ಡ ಸರೋವರವಿದೆ. ಅದರ ನಡುವಿನ ಟಕೀಲೆ ದ್ವೀಪದಲ್ಲಿ ಇಂದಿಗೂ ಟೊಪ್ಪಿಗೆ ಹೆಣೆಯುವದು ಗಂಡಸರ ಕೆಲಸ, ಹುಡುಗರು ಸಣ್ಣವರಿರುವಾಗಲೇ ಕಲಿಯುತ್ತಾರೆ. ಅವರೂ ನಮ್ಮ ಹಾಗೆ ಹೊಲ ಮಾಡುವವರೇ. ಅವರ ನೇಯ್ಗೆ–ಹೆಣಿಗೆಯ ಕಲೆಯನ್ನು ಯುನೆಸ್ಕೊ ಸಂಸ್ಥೆಯು 2005ರಲ್ಲಿ ಮಾನವಕುಲದ ಪರಂಪರೆಯೆಂದು ಸಾರಿತು. ಹಗ್ಗ ಹೊಸೆದ, ತಕಲಿ ತಿರುವಿದ ಕೈಗಳ ಮೊಮ್ಮಕ್ಕಳಾದ ನಮಗೆ ಸೂಜಿಯ ಬಗ್ಗೆ ನಾಚಿಕೆ ಏಕೆ ಎಂಬದು ನನಗೆ ತಿಳಿಯದು. ನಾನು ಕಾಲೇಜಿನಲ್ಲಿ ಕಲಿತದ್ದು ಕೃಷಿಯ ಡಿಪ್ಲೊಮಾ. ಹೆಣಿಗೆಯನ್ನು ಕಲಿಸಿದ್ದು ನನ್ನ ಸೋದರತ್ತೆ.

ಕಲಿಯುವ ರೀತಿಯನ್ನು ಈಗ ಹೇಳುತ್ತೇನೆ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವದು ಹೆಚ್ಚಾಗಿ ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್ ಎಂಬ ಕೃತಕ ದಾರ. ಕಲಿಯುವದಕ್ಕೆ ಅದು ಸಾಕು, ಅಗ್ಗವೂ ಹೌದು. ಆದರೆ ಬೆಂಕಿ ತಗಲಿದರೆ ಕರಗಿ ಮೈಗೆ ಅಂಟಿಕೊಳ್ಳುವದರಿಂದ ಒಲೆಯ ಮುಂದೆ ತೊಡುವ ಬಟ್ಟೆಗೆ ಬೇಡ. ದಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಗಟ್ಟಿ, ಕೊರಳಿಗೆ ಚುಚ್ಚುತ್ತದೆ. ಸೂಜಿಗಳಿಗೆ ನಂಬರು ಇರುತ್ತವೆ. ನಂಬರು ಹೆಚ್ಚಿದಂತೆ ಸೂಜಿ ಸಣ್ಣದು: 8 ನಂಬರಿನದು 4 ಮಿಲಿಮೀಟರ್ ದಪ್ಪ, 12 ನಂಬರಿನದು ಮೂರಕ್ಕೂ ಕಡಿಮೆ. ಹೊಸಬರು 8 ನಂಬರಿನ ಒಂದು ಜೊತೆ, ಮಧ್ಯಮ ದಪ್ಪದ ತಿಳಿ ಬಣ್ಣದ ದಾರ ತರಬೇಕು. ಕರಿ ದಾರದಲ್ಲಿ ಕುಣಿಕೆ ಕಾಣದೆ ಬೇಸರ ಬರುತ್ತದೆ.

ಮೊದಲ ಕೆಲಸಕ್ಕೆ ಮಫ್ಲರ್ ಒಳ್ಳೆಯದು. ರಾತ್ರಿ ನೀರು ಹಾಯಿಸುವವರಿಗೆ ಅದು ಬೇಕೇ ಬೇಕು. ದಾರದ ತುದಿಯಲ್ಲಿ ಜೀರುಗುಣಿಕೆ ಹಾಕಿ ಒಂದು ಸೂಜಿಗೆ ಏರಿಸಿರಿ. ಎಳೆದಷ್ಟೂ ಬಿಗಿಯುತ್ತದೆಂದು ಕರುವಿನ ಕೊರಳಿಗೆ ಹಾಕಬಾರದೆನ್ನುವ ಗಂಟು ಇದೇ. ಆ ಸೂಜಿಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯ ಹೆಬ್ಬೆರಳಿಗೆ ದಾರ ಸುತ್ತಿ, ಆ ಸುತ್ತಿನೊಳಗೆ ಸೂಜಿಯ ಮೊನೆ ತೂರಿಸಿ, ಬೆರಳು ತೆಗೆದು ಮೆಲ್ಲಗೆ ಎಳೆದರೆ ಎರಡನೆಯ ಕುಣಿಕೆ ಆಯಿತು. ಹೀಗೆ 40 ಕುಣಿಕೆ ಹಾಕಿದರೆ ಸುಮಾರು ಒಂದು ಗೇಣು ಅಗಲ ಬರುತ್ತದೆ.

ಈಗ ಕುಣಿಕೆಗಳಿರುವ ಸೂಜಿಯನ್ನು ಎಡಗೈಗೆ ಕೊಟ್ಟು ಖಾಲಿ ಸೂಜಿಯನ್ನು ಬಲಗೈಯಲ್ಲಿ ಹಿಡಿಯಿರಿ. ಬಲಸೂಜಿಯ ಮೊನೆಯನ್ನು ಮೊದಲನೆಯ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಬೇಕು. ಉಂಡೆಯಿಂದ ಬರುವ ದಾರವನ್ನು ಆ ಮೊನೆಗೆ ಒಂದು ಸುತ್ತು ಹಾಕಬೇಕು. ಆ ಸುತ್ತನ್ನು ಮೊನೆಯಿಂದಲೇ ಹಿಡಿದು ಕುಣಿಕೆಯೊಳಗಿಂದ ಮುಂದಕ್ಕೆ ಎಳೆಯಬೇಕು. ಬಲಸೂಜಿಯ ಮೇಲೆ ಹೊಸ ಕುಣಿಕೆ ಹುಟ್ಟಿತು. ಹಳೆಯದನ್ನು ಎಡಸೂಜಿಯಿಂದ ಜಾರಬಿಡಬೇಕು. ತೂರು, ಸುತ್ತು, ಎಳೆ, ಬಿಡು: ಈ ನಾಲ್ಕು ಬಿಟ್ಟರೆ ಬೇರೆ ವಿದ್ಯೆಯಿಲ್ಲ. 40 ಮುಗಿದ ಮೇಲೆ ಸೂಜಿಗಳನ್ನು ಕೈ ಬದಲಿಸಿ ಮತ್ತೆ ಅದೇ. ಇದಕ್ಕೆ ಸೀದಾ ಹೆಣಿಗೆ ಎನ್ನುತ್ತಾರೆ. ಉಲ್ಟಾ ಹೆಣಿಗೆ, ಬಳ್ಳಿಯ ನಕಾಶೆ ಎಲ್ಲ ಆಮೇಲೆ ಬಂದಾವು. ಬರದಿದ್ದರೂ ನಡೆಯುತ್ತದೆ, ಏಕೆಂದರೆ ಮನಸ್ಸಿಗೆ ವಿಶ್ರಾಂತಿ ಕೊಡುವದು ಸರಳ ಹೆಣಿಗೆಯೇ. ಕಠಿಣ ನಕಾಶೆ ಹಿಡಿದರೆ ಅದೇ ಒಂದು ಚಿಂತೆಯಾದೀತು. ಪ್ರತಿ ಸಾಲಿನ ಕೊನೆಗೆ ಕುಣಿಕೆ 40 ಇವೆಯೇ ಎಂದು ನೋಡುತ್ತಿರಬೇಕು. ಸಾಕಷ್ಟು ಉದ್ದವಾದ ಮೇಲೆ ಎರಡು ಕುಣಿಕೆ ಹೆಣೆದು ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬಿಡುವದು, ಇನ್ನೊಂದು ಹೆಣೆದು ಮತ್ತೆ ದಾಟಿಸುವದು. ಹೀಗೆ ಅಂಚು ಮುಚ್ಚುತ್ತದೆ.

ಹೊಸಬರ ಕೈ ಬಿಗಿಯಾಗಿರುತ್ತದೆ. ‘ಸೂಜಿ ಕೊರಳ ಹಿಸುಕಿದಂಗ ಹಿಡೀಬ್ಯಾಡೋ, ಹಗೂರ ಹಿಡಿ’ ಎಂದು ನನ್ನ ಸೋದರತ್ತೆ ಹೇಳುತ್ತಿದ್ದಳು. ಸಿಟ್ಟಿನಲ್ಲಿ ಹೆಣೆದ ಸಾಲುಗಳು ಬಿಗಿಯಾಗಿ, ಶಾಂತವಾಗಿ ಹೆಣೆದವು ಸಡಿಲಾಗಿ ಬರುತ್ತವೆ. ಒಂದು ಮಫ್ಲರನ್ನು ಬಿಚ್ಚಿ ಹಾಸಿ ನೋಡಿದರೆ ಯಾವ ದಿನ ಮನೆಯಲ್ಲಿ ಏನು ನಡೆದಿತ್ತೆಂದು ಅವಳು ಹೇಳಬಲ್ಲಳು. ಕುಣಿಕೆ ಜಾರಿದರೆ ಗಾಬರಿಯಾಗಬಾರದು. ಬಿತ್ತಿಗೆ ತಪ್ಪಿದರೆ ಒಂದು ಹಂಗಾಮು ಹೋಯಿತು, ಹೆಣಿಗೆ ತಪ್ಪಿದರೆ ಎಳೆದು ಬಿಚ್ಚಿದರಾಯಿತು. ದಾರ ಇದ್ದಷ್ಟೇ ಇರುತ್ತದೆ.

ಲೆಕ್ಕ ಬೇಕೆನ್ನುವವರಿಗೆ ಹೇಳುತ್ತೇನೆ. ಐದು ಅಡಿ ಉದ್ದಕ್ಕೆ ಸುಮಾರು 600 ಸಾಲು ಬೇಕು. ಸಾಲಿಗೆ 40ರಂತೆ 24 ಸಾವಿರ ಕುಣಿಕೆ. ಕೈ ಕೂತ ಮೇಲೆ ನಿಮಿಷಕ್ಕೆ 20 ಹಾಕಿದರೂ 20 ತಾಸಿನ ಕೆಲಸ. ದಿನಕ್ಕೆ ಅರ್ಧ ತಾಸಿನಂತೆ 40 ದಿನ. ದಾರ 150ರಿಂದ 200 ಗ್ರಾಂ. ಇಷ್ಟು ಹೊತ್ತಿನಲ್ಲಿ ಕೂಲಿಗೆ ಹೋಗಿದ್ದರೆ ನಾಲ್ಕು ಮಫ್ಲರ್ ಕೊಳ್ಳಬಹುದಿತ್ತು ಎಂದು ಲೆಕ್ಕ ಹಾಕುವವರಿಗೆ ನನ್ನ ಬಳಿ ಉತ್ತರವಿಲ್ಲ, ಅವರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಈ ಅರ್ಧ ತಾಸು ಕೂಲಿಯಿಂದ ಕಡಿದದ್ದಲ್ಲ. ಕಟ್ಟೆಯ ಹರಟೆಯಿಂದ, ಮೊಬೈಲಿನಿಂದ, ನಿದ್ದೆ ಬಾರದೆ ಹೊರಳಾಡುವ ಹೊತ್ತಿನಿಂದ ಕಡಿದದ್ದು. ಇದೇ ಕಾರಣದಿಂದ ಹೆಣಿಗೆಯನ್ನು ತಟ್ಟನೆ ಉತ್ಪನ್ನದ ಮಾತಿಗೆ ತರಬಾರದೆಂದು ನನ್ನ ಅಭಿಪ್ರಾಯ. ಇಷ್ಟು ದಿನಕ್ಕೆ ಇಷ್ಟು ಟೊಪ್ಪಿಗೆ ಎಂದು ಗುರಿ ಹಚ್ಚಿದರೆ ಅದು ಮತ್ತೊಂದು ದುಡಿತವಾಗುತ್ತದೆ. ನಮ್ಮ ವರದಿಗಳಲ್ಲಿ ಹೊಲಿಗೆಯಂತ್ರಗಳ ಸಂಖ್ಯೆಗೆ ಒಂದು ಕಾಲಂ ಇದೆ, ನೆಮ್ಮದಿಯ ನಿದ್ದೆಗೆ ಕಾಲಂ ಇಲ್ಲ.

ಮನೆಯವರಿಗೂ ಒಂದು ಮಾತು. ಹೊಲದಿಂದ ಬಂದು, ಹಾಲು ಹಿಂಡಿ, ರೊಟ್ಟಿ ಬಡಿದು, ಭಾಂಡೆ ತಿಕ್ಕಿದ ಸೊಸೆ ಸೂಜಿ ಹಿಡಿದು ಕೂತಾಗ ‘ಖಾಲಿ ಕುಂತಾಳ ನೋಡ’ ಎನ್ನಬಾರದು. ಅವಳು ಹೆಣೆದದ್ದನ್ನು ‘ನನಗೊಂದು ಹಾಕಿಕೊಡು, ಅವರಿಗೊಂದು ಹಾಕಿಕೊಡು’ ಎಂದು ಬೆನ್ನು ಹತ್ತಲೂಬಾರದು. ಅವಳು ಮೊದಲನೆಯದನ್ನು ತನಗಾಗಿ ಹೆಣೆದುಕೊಳ್ಳಲಿ.

ಕೆಲವು ಎಚ್ಚರಿಕೆಗಳಿವೆ. ಮಬ್ಬು ಬೆಳಕಿನಲ್ಲಿ ಹೆಣೆಯಬಾರದು. ಅರ್ಧ ತಾಸಿಗೊಮ್ಮೆ ಕೈ ಬಿಟ್ಟು, ಕೊರಳು ತಿರುವಿ, ಎದ್ದು ಅಡ್ಡಾಡಬೇಕು. ಮುಂಗೈ ನೋವಾದರೆ ಎರಡು ದಿನ ಬಿಡಬೇಕು. ಪಂಪಿನ ಪೆಟ್ಟಿಗೆಯ ಹತ್ತಿರ ಹೋಗುವಾಗ ಎಲ್ಲವನ್ನೂ ಚೀಲಕ್ಕೆ ಹಾಕಿ ಕೈ ಒರೆಸಿಕೊಂಡು ಹೋಗಬೇಕು. ಸೂಜಿ ಸಣ್ಣ ಮಕ್ಕಳ ಕೈಗೆ ಸಿಗಬಾರದು.

ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ, ದಯವಿಟ್ಟು ಲಕ್ಷ್ಯಕೊಟ್ಟು ಓದಬೇಕು. ದಿನದ ದಣಿವಿಗೆ, ಸಣ್ಣ ಚಿಂತೆಗೆ ಹೆಣಿಗೆ ಸಾಕು. ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಅನ್ನ ರುಚಿಸದಿದ್ದರೆ, ಹೊಲದ ಕಡೆ ಹೋಗಲು ಮನಸ್ಸೇ ಆಗದಿದ್ದರೆ, ‘ನಾನಿದ್ದೇನು ಫಲ’ ಎಂಬ ಮಾತು ಬಾಯಲ್ಲಿ ಬರತೊಡಗಿದರೆ ಅದು ಕಾಯಿಲೆ. ಜ್ವರಕ್ಕೆ, ಸಕ್ಕರೆ ಕಾಯಿಲೆಗೆ ಔಷಧಿ ಇದ್ದಂತೆ ಅದಕ್ಕೂ ಔಷಧಿ ಇದೆ. ಹುಕ್ಕೇರಿಯ ತಾಲೂಕಾ ಆಸ್ಪತ್ರೆಯಲ್ಲಿ ಕೇಳಿರಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಸಂಸ್ಥೆಯೇ ಇದೆ, ಡಿಮ್ಹಾನ್ಸ್ ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಮನೆ ಬಿಟ್ಟು ಹೋಗಲಾಗದವರು 14416 ನಂಬರಿಗೆ ಫೋನು ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರಕಾರಿ ಸೇವೆಗೆ ಹಣ ಕೊಡಬೇಕಿಲ್ಲ; ಹಗಲೂ ರಾತ್ರಿಯೂ ನಡೆಯುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಅಂಥ ದಿನಗಳಲ್ಲಿ ಮನೆಯವರು ಕೀಟನಾಶಕದ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ಆ ಮನುಷ್ಯನನ್ನು ಒಬ್ಬನೇ ಬಿಡಬಾರದು. ಇದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ.

ಹೆಣಿಗೆ ಕಲಿಯಬೇಕೆನ್ನುವವರು ಮೊದಲು ತಮ್ಮ ಓಣಿಯ ಅಜ್ಜಿಯನ್ನು ಕೇಳಬೇಕು. ಬರಹ ಓದಿ ಕಲಿಯುವದಕ್ಕಿಂತ ಪಕ್ಕದಲ್ಲಿ ಕೂತು ನೋಡಿ ಕಲಿಯುವದು ಬೇಗ, ಮತ್ತು ಅವಳ ಸಂಜೆಗೂ ಒಬ್ಬರು ಜೊತೆಯಾದಂತೆ ಆಗುತ್ತದೆ. ಸೂಜಿ ಒಗ್ಗದವರು ಹಗ್ಗ ಹೊಸೆಯಲಿ, ಹಳೆಯ ಸೀರೆಗಳಿದ್ದ ಮನೆಯವರು ಕೌದಿ ಹಾಸಲಿ. ದೀಪಾವಳಿಯ ಹೊತ್ತಿಗೆ 40 ಕುಣಿಕೆ ಹಾಕಿದವರ ಮಫ್ಲರ್, ನಡುವೆ ಕೆಲವು ದಿನ ತಪ್ಪಿದರೂ, ಎಳ್ಳಮವಾಸ್ಯೆಗೆ ಮುಗಿಯುತ್ತದೆ. ಉಳಿದ ದಾರವನ್ನು ಚೆಲ್ಲಬೇಡಿರಿ. ಒಂದು ಸಣ್ಣ ಕುಲಾವಿಗೆ ಅಷ್ಟು ಸಾಕಾಗುತ್ತದೆ.